ದೀಪದ ಬಟ್ಟಲಿನಲ್ಲಿ ಮಡಿವಾಳ

ಜನವರಿಯ ಎರಡನೆಯ ವಾರ. ಕಣದ ತುಂಬ ರೊಬಸ್ಟಾ ಹಣ್ಣು ಹರವಿದ್ದರು. ಹುಳಿ ಬೆಲ್ಲದಂಥ ಅದರ ವಾಸನೆ ಅಂಗಳ ದಾಟಿ ಕೊಟ್ಟಿಗೆಯ ಹಿಂದಿನ ಶೆಡ್ಡಿನವರೆಗೂ ಬರುತ್ತಿತ್ತು. ಅತ್ತೆ ಬೀಗದ ಕೈ ಕೊಟ್ಟು, "ಬಾಗಿಲು ಸ್ವಲ್ಪ ಎತ್ತಿ ತೆಗಿ ಮಗಾ, ನೆಲಕ್ಕೆ ತಾಗುತ್ತೆ" ಎಂದಷ್ಟೇ ಹೇಳಿದರು. ಎತ್ತಿ ತೆಗೆದೆ. ಒಡೆದ ಹೆಂಚಿನ ಸಂದಿಯಿಂದ ಮೂರು ಬಿಸಿಲುಕೋಲು ಓರೆಯಾಗಿ ಇಳಿದಿದ್ದವು. ಮೊದಲನೆಯದು ನೆಲದ ಧೂಳಿನ ಮೇಲೆ, ಎರಡನೆಯದು ಗೋಣಿಚೀಲಗಳ ರಾಶಿಯ ಮೇಲೆ, ಮೂರನೆಯದು ಒಂದು ದೊಡ್ಡ ಗಾಜಿನ ಮೇಲೆ. ಗಾಜಿನ ಹಿಂದೆ ಏನೋ ಚಲಿಸಿ ಸ್ಟೇರಿಂಗಿನ ನೆರಳಿಗೆ ಸರಿಯಿತು. ಹಲ್ಲಿ ಇರಬೇಕು ಎಂದುಕೊಂಡೆ. ಹಲ್ಲಿಯೇ.

ಮಾವ ಓಡಿಸುತ್ತಿದ್ದ ಪಿಕಪ್ ಹತ್ತೊಂಬತ್ತು ಮಳೆಗಾಲ ಅಲ್ಲೇ ನಿಂತಿತ್ತು. ಮಹೀಂದ್ರಾ ಎಫ್‌ಸಿ-150. ನಂಬರ್ ಪ್ಲೇಟು ಇನ್ನೂ 'ಎಂವೈ' ಎಂದೇ ಶುರುವಾಗುತ್ತದೆ. ಮೂಡಿಗೆರೆಯ ಈ ಕಡೆಯವರು ಇದನ್ನು 'ಮೂತಿ ಇಲ್ಲದ ಜೀಪು' ಎನ್ನುತ್ತಿದ್ದರಂತೆ. ಆ ಮಾತು ಸರಿಯಾಗಿಯೇ ಇದೆ. ಜೀಪಿನ ಹಾಗೆ ಇದಕ್ಕೆ ಮುಂದೆ ಚಾಚಿದ ಬಾನೆಟ್ಟಿಲ್ಲ. ಕ್ಯಾಬಿನ್ನು ಮುಂದಿನ ಗಾಲಿಗಳ ಮೇಲೆಯೇ ಕೂತಿದೆ. ಇಂಜಿನ್ನು ಇರುವುದು ಒಳಗೆ, ಡ್ರೈವರಿಗೂ ಪಕ್ಕದವರಿಗೂ ನಡುವೆ, ತಗಡಿನ ಒಂದು ಡಬ್ಬಿಯ ಕೆಳಗೆ. ಅಮೆರಿಕದ ಟೊಲಿಡೊ ಊರಿನ ವಿಲ್ಲಿಸ್ ಕಂಪನಿ 1950ರ ದಶಕದಲ್ಲಿ ಹೊರತಂದ ಗಾಡಿ ಇದು. ರೂಪ ಕೊಟ್ಟವರು ಬ್ರೂಕ್ಸ್ ಸ್ಟೀವನ್ಸ್. ನಮ್ಮಲ್ಲಿ ಮಹೀಂದ್ರಾದವರು 1965ರಿಂದ ತಯಾರಿಸಿದರು. ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ 81 ಇಂಚು ಮಾತ್ರ. ತೋಟದ ದಾರಿಯ ಇಕ್ಕಟ್ಟಾದ ತಿರುವುಗಳಿಗೆ ಆ ಗಿಡ್ಡ ಮೈ ಹೇಳಿ ಮಾಡಿಸಿದ ಹಾಗಿತ್ತು ಎಂದು ಅತ್ತೆ ಹೇಳುತ್ತಾರೆ. ಮಳೆಗಾಲದಲ್ಲಿ ಶಾಲೆಯಿಂದ ಬರುವಾಗ ಮಕ್ಕಳು ಇಂಜಿನ್ ಡಬ್ಬಿಯ ಮೇಲೆ ಒದ್ದೆ ಕಾಲು ಇಟ್ಟುಕೊಂಡು ಬೆಚ್ಚಗೆ ಕೂರುತ್ತಿದ್ದರಂತೆ.

ಮೇಸ್ತ್ರಿ ಬರಲು ಹತ್ತು ದಿನವಿತ್ತು. ಅಲ್ಲಿಯವರೆಗೆ ಏನನ್ನೂ ಮುಟ್ಟಬಾರದೆಂದು ತೀರ್ಮಾನಿಸಿದೆ. ದಿನಾ ಬೆಳಿಗ್ಗೆ ಒಂದು ಮಣೆ, ನೋಟ್‌ಬುಕ್ಕು, ಟಾರ್ಚು ಹಿಡಿದು ಹೋಗಿ ಗಾಡಿಯ ಒಂದೊಂದು ಮಗ್ಗುಲಿಗೆ ಕೂರುತ್ತಿದ್ದೆ.

ಮೊದಲು ಕಣ್ಣಿಗೆ ಬಿದ್ದವರು ಒಕ್ಕಲುಗಳು. ಗಾಡಿಯ ಹಿಂಬದಿಯ ಹಲಗೆಬಾಗಿಲಿನ ಮೇಲೆ ಕಲ್ಲುಹೂವು ಹಬ್ಬಿತ್ತು. ಬೂದಿಹಸಿರಿನ ಬಿಲ್ಲೆಗಳು, ಅಂಚು ಮಾತ್ರ ಸುಣ್ಣದ ಬಿಳುಪು, ನಡುವೆ ಕೊಂಚ ಮಸಿ. ಎರಡು ಬಿಲ್ಲೆಗಳು ಎದುರಾದ ಕಡೆ ಎರಡೂ ನಿಂತುಬಿಟ್ಟಿದ್ದವು, ಗದ್ದೆಯ ಬದುವಿನ ಹಾಗೆ ಸಣ್ಣದೊಂದು ಗೆರೆ ಉಳಿಸಿಕೊಂಡು. ಬಡಗಣ ಕಿಟಕಿಯ ರಬ್ಬರಿನ ಸಂದಿಯಲ್ಲಿ ಹಾವಸೆ ಕಟ್ಟಿತ್ತು, ಒಣಗಿ ಕಂದಾಗಿತ್ತು. ಅದರ ಮೇಲೆ ಎರಡು ಹನಿ ನೀರು ಬಿಟ್ಟು ಕಾದೆ. ಆರು ನಿಮಿಷದೊಳಗೆ ಎಲೆಗಳು ಬಿಚ್ಚಿಕೊಂಡವು. ಕಂದು ಹೋಗಿ ಗಿಣಿಹಸಿರು ಬಂತು. ಡ್ಯಾಶ್‌ಬೋರ್ಡಿನ ಬೆನ್ನಿಗೆ ಹಲ್ಲಿಯ ಮೊಟ್ಟೆಗಳು ಜೋಡಿ ಜೋಡಿಯಾಗಿ ಅಂಟಿದ್ದವು. ಗುಂಡಗೆ, ಸುಣ್ಣದ ಗುಳಿಗೆಯಂಥವು. ಮೂರು ಜೋಡಿ ಒಡೆದ ಚಿಪ್ಪು, ಒಂದು ಜೋಡಿ ಇಡಿಯದು. ಸೀಟಿನ ನಾರಿನೊಳಗೆ ಇಲಿಯ ಹಳೆಯ ಗೂಡು. ಚಾಸಿಯ ಎಡಗಂಬಿಯ ಉದ್ದಕ್ಕೂ ಕೇರೆಹಾವಿನ ಪೊರೆ ಇತ್ತು. ಸ್ಪ್ರಿಂಗ್ ಪ್ಲೇಟುಗಳ ಚೂಪು ತುದಿಗೆ ಮೂತಿ ಉಜ್ಜಿ ಅಲ್ಲಿಂದ ಬಿಡಿಸಿಕೊಳ್ಳಲು ಶುರುಮಾಡಿದೆ ಎಂಬುದು ಸಿಕ್ಕಿಕೊಂಡಿದ್ದ ಮೊದಲ ತುಣುಕಿನಿಂದ ಗೊತ್ತಾಗುತ್ತಿತ್ತು. ಪೊರೆಯಲ್ಲಿ ಕಣ್ಣಿನ ಮೇಲಿನ ಗಾಜುಪೊರೆ ಕೂಡ ಹಾಗೇ ಉಳಿದಿತ್ತು. ಅದರ ಮೂಲಕ ಬೆಳಕನ್ನು ನೋಡಿದೆ, ಗೆರೆಯಿಲ್ಲದ ತಿಳಿ.

ಆಮೇಲೆ ತುಕ್ಕು. ತುಕ್ಕು ಎಂಬ ಒಂದೇ ಮಾತು ಅದಕ್ಕೆ ಸಾಲದು. ಬಾಗಿಲಿನ ಮೇಲ್ಭಾಗದಲ್ಲಿ ಅದು ಅರಿಸಿನ ಬೆರೆಸಿದ ಕೆಂಪು, ಬೆರಳಿಗೆ ಹತ್ತುವ ನಯವಾದ ಹುಡಿ. ಮಡ್‌ಗಾರ್ಡಿನ ಒಳಮೈಯಲ್ಲಿ ಇಟ್ಟಿಗೆಗೆಂಪು, ಪದರ ಪದರ, ಮತ್ತಿಮರದ ತೊಗಟೆಯ ಹಾಗೆ ಸಿಪ್ಪೆ ಏಳುವುದು. ಬ್ಯಾಟರಿ ಕೂತಿದ್ದ ಜಾಗದಲ್ಲಿ ಕಾಚಿನ ಬಣ್ಣ, ಅಂಚಿನಲ್ಲಿ ಮಾತ್ರ ಮೈಲುತುತ್ತದ ನೀಲಿ, ಅದು ತಾಮ್ರದ ತಂತಿಯಿಂದ ಬಂದದ್ದು. ಎರಡು ತಗಡು ಕೂಡಿಸಿ ಬೆಸೆದ ಕಡೆಗಳಲ್ಲೆಲ್ಲ ತಗಡು ಉಬ್ಬಿಕೊಂಡಿತ್ತು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಸಂದಿಯೊಳಗೆ ಹುಟ್ಟಿದ ತುಕ್ಕು ಬೇರಿನ ಹಾಗೆ ಒತ್ತಿ ಎರಡನ್ನೂ ಬೇರೆ ಮಾಡುತ್ತದೆ. ಒಂದು ಕಡೆ ಬಣ್ಣ ಗುಳ್ಳೆಯೆದ್ದಿತ್ತು, ಸಾಸಿವೆ ಕಾಳಿನಷ್ಟು. ಅದನ್ನು ಉಗುರಿನಿಂದ ಒಡೆಯಲಿಲ್ಲ, ಸುತ್ತ ಪೆನ್ಸಿಲಿನಿಂದ ಗೆರೆ ಹಾಕಿದೆ. ಒಂದು ವಾರ ನೋಡಿದೆ. ಒಣ ಹವೆಯಲ್ಲಿ ಅದು ಗೆರೆಯ ಹತ್ತಿರಕ್ಕೂ ಬರಲಿಲ್ಲ.

ಇಪ್ಪತ್ತಮೂರನೇ ತಾರೀಕು ಮೇಸ್ತ್ರಿ ಬಂದರು. ಅರವತ್ತು ದಾಟಿದವರು, ನಮ್ಮ ಪೇಟೆಯ ಬಸ್‌ಸ್ಟ್ಯಾಂಡಿನ ಹಿಂದೆ ಜೀಪು ರಿಪೇರಿ ಮಾಡುತ್ತಲೇ ಗಡ್ಡ ಬೆಳ್ಳಗಾದವರು. ಎಲ್ಲರೂ ಅವರನ್ನು ಸಾಹೇಬ್ರು ಎಂದೇ ಕರೆಯುವುದು. ನಾನು ಕಣ್ಣಿನಿಂದ ನೋಡಿದ್ದನ್ನು ಅವರು ಕಿವಿಯಿಂದ ನೋಡಿದರು. ಸುತ್ತಿಗೆಯ ಮರದ ಹಿಡಿಯಿಂದ ಕ್ಯಾಬಿನ್ನಿನ ಸುತ್ತ ಒಂದೊಂದೇ ಗೇಣು ಬಿಟ್ಟು ತಟ್ಟುತ್ತ ಬಂದರು. ಗಟ್ಟಿ ತಗಡು 'ಣ್' ಎನ್ನುತ್ತಿತ್ತು. ಬಲಗಡೆಯ ಮೆಟ್ಟಿಲಿನ ಹತ್ತಿರ 'ದಬ್' ಎಂದಿತು. ಮರಕುಟಿಗ ಸತ್ತ ಕೊಂಬೆಯ ಮೇಲೆ ಏರುತ್ತ ನಿಂತು, ತಲೆ ಓರೆ ಮಾಡಿ, ಎರಡು ಬಾರಿ ಮೆಲ್ಲಗೆ ಕುಟ್ಟಿ ನೋಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸಾಹೇಬ್ರ ತಲೆಯೂ ಹಾಗೇ ಓರೆಯಾಯಿತು. ಸ್ಕ್ರೂಡ್ರೈವರಿನ ತುದಿ ಊರಿದರು. ಅದು ಒಳಕ್ಕೆ ಹೋಯಿತು. ಯಾವ ಕಾಲದಲ್ಲೋ ಯಾವುದೋ ಗ್ಯಾರೇಜಿನಲ್ಲಿ ತೂತಿಗೆ ಪತ್ರಿಕೆ ತುರುಕಿ ಮೇಲೆ ಪುಟ್ಟಿ ಬಳಿದಿದ್ದರು. ಪತ್ರಿಕೆ ಹೊರಗೆ ಬಂತು, ಗೆದ್ದಲು ತಿಂದು ಜಾಲರಿಯಾಗಿತ್ತು.

"ಇಂಜಿನ್ ಜಾಮ್ ಆಗಿದೆ ಸಾರ್. ಬಲ ಹಾಕಿದ್ರೆ ಮುರಿಯುತ್ತೆ. ಕಾಯ್ಬೇಕು" ಎಂದರು.

ಆ ಕಾಯುವಿಕೆ ನನಗೆ ಸಿಕ್ಕ ದೊಡ್ಡ ಕೊಡುಗೆ. ಡಬ್ಬಿ ಎತ್ತಿ ಇಟ್ಟ ಮೇಲೆ ಇಂಜಿನ್ನು ನಮ್ಮ ಮೊಣಕಾಲಿನ ಎತ್ತರಕ್ಕೆ ಬಂತು. ನಾಲ್ಕು ಸಿಲಿಂಡರು, ಹತ್ತಿರ ಹತ್ತಿರ 2.2 ಲೀಟರು. ಜೀಪಿನದೇ ಹರಿಕೇನ್ ಇಂಜಿನ್ನು. ಮೇಲಿನ ಮುಚ್ಚಳ ತೆಗೆದರೆ ಕಾಣುವುದು ನಾಲ್ಕೇ ವಾಲ್ವು. ಗಾಳಿ-ಪೆಟ್ರೋಲು ಒಳಗೆ ಬಿಡುವ ವಾಲ್ವುಗಳು ಮೇಲೆ ತಲೆಯಲ್ಲಿವೆ. ಸುಟ್ಟ ಹೊಗೆ ಹೊರಗೆ ಬಿಡುವ ಇನ್ನು ನಾಲ್ಕು ಕೆಳಗೆ ಬ್ಲಾಕಿನ ಪಕ್ಕೆಯಲ್ಲಿ, ಬೇರೊಂದು ಮುಚ್ಚಳದ ಹಿಂದೆ ಅಡಗಿವೆ. ಎಂಟಕ್ಕೂ ಒಂದೇ ಕ್ಯಾಮ್‌ಶಾಫ್ಟು. ಸಾಹೇಬ್ರು ನಾಲ್ಕೂ ಪ್ಲಗ್ಗು ಬಿಚ್ಚಿ ಪ್ರತಿ ತೂತಿಗೆ ಸೀಮೆಎಣ್ಣೆ, ಇಂಜಿನ್ ಆಯಿಲ್ ಬೆರೆಸಿ ಹೊಯ್ದರು. ದಿನಾ ಬೆಳಿಗ್ಗೆ ತೆಂಗಿನ ಗರಿಯ ಕಡ್ಡಿ ಇಳಿಸಿ ಎಣ್ಣೆಯ ಮಟ್ಟ ಅಳೆಯುವುದು ನನ್ನ ಕೆಲಸ. ಒಂದು, ಎರಡು, ನಾಲ್ಕನೆಯದರಲ್ಲಿ ಮಟ್ಟ ನಿಧಾನವಾಗಿ ಇಳಿಯುತ್ತಿತ್ತು. ಮೂರನೆಯದು ಕದಲಲಿಲ್ಲ. ಗಾಡಿ ಕೊನೆಯ ಸಲ ನಿಂತ ಗಳಿಗೆಯಲ್ಲಿ ಮೂರನೆಯ ಸಿಲಿಂಡರಿನ ಮೇಲಿನ ವಾಲ್ವು ತೆರೆದೇ ಇತ್ತು. ಹತ್ತೊಂಬತ್ತು ಮಳೆಗಾಲದ ಥಂಡಿ ಆ ಒಂದು ಬಾಗಿಲಿನಿಂದ ಒಳಗೆ ಇಳಿದಿದೆ.

ಒಂಬತ್ತನೆಯ ದಿನ ಮೂರನೆಯದರಲ್ಲಿ ಎಣ್ಣೆ ಒಂದು ನೂಲು ಇಳಿಯಿತು. ಹನ್ನೊಂದಕ್ಕೆ ಇನ್ನೆರಡು. ಹದಿಮೂರನೆಯ ದಿನ ಸಾಹೇಬ್ರು ಪುಲ್ಲಿಯ ನಟ್ಟಿಗೆ ಪಾನ ಹಾಕಿ, ಸುಣ್ಣದ ಕಡ್ಡಿಯಿಂದ ಪುಲ್ಲಿಯ ಮೇಲೊಂದು, ಬ್ಲಾಕಿನ ಮೇಲೊಂದು ಗೆರೆ ಎಳೆದರು. ಎರಡೂ ಗೆರೆ ಒಂದೇ ನೇರ. ಅವರು ಪಾನ ಎಳೆಯಲಿಲ್ಲ, ಕೈ ಇಟ್ಟು ಒರಗಿದರು ಅಷ್ಟೇ. ನಾನು ಗೆರೆಯನ್ನೇ ನೋಡುತ್ತಿದ್ದೆ. ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ ಪುಲ್ಲಿಯ ಗೆರೆ ಎಳ್ಳಿನಷ್ಟು ಆಚೆ ಇತ್ತು. ಅದು ಸರಿದ ಕ್ಷಣವನ್ನು ನಾನು ಕಾಣಲಿಲ್ಲ, ಸರಿದದ್ದನ್ನು ಕಂಡೆ. ಅವರು ಹಿಂದಕ್ಕೆ ಒರಗಿದರು, ಎಳ್ಳಿನಷ್ಟು ಈಚೆ ಬಂತು. ಮುಂದೆ, ಹಿಂದೆ. ಸಂಜೆಯ ಹೊತ್ತಿಗೆ ಅರ್ಧ ಸುತ್ತು. ಪ್ಲಗ್ಗಿನ ತೂತುಗಳಲ್ಲಿ ಇಳಿಬಿಟ್ಟ ನಾಲ್ಕು ಕಡ್ಡಿಗಳು ಏರಿ ಇಳಿಯತೊಡಗಿದವು, ಒಂದು ಮತ್ತು ನಾಲ್ಕು ಜೊತೆಯಾಗಿ ಏರುವಾಗ ಎರಡು ಮತ್ತು ಮೂರು ಜೊತೆಯಾಗಿ ಇಳಿಯುತ್ತಿದ್ದವು. ಅತ್ತೆ ಬಂದು ಬಾಗಿಲಲ್ಲಿ ನಿಂತು ಆ ಕಡ್ಡಿಗಳ ಆಟವನ್ನು ತುಂಬ ಹೊತ್ತು ನೋಡಿದರು.

ಫೆಬ್ರವರಿ ಕೊನೆಗೆ ಗಾಳಿಶೋಧಕದ ಕೊಳವೆ ಬಿಚ್ಚಿದಾಗ ಅದರ ಬಾಯಿ ಮಣ್ಣಿನಿಂದ ಮುಚ್ಚಿತ್ತು. ಕುಂಬಾರ ಹುಳುವಿನ ಕೆಲಸ. ಕಪ್ಪು ಮೈ, ದಾರದಂಥ ಹಳದಿ ಸೊಂಟ, ಹಳದಿ ಕಾಲು. ತಾಯಿಹುಳು ಆಗಲೇ ಡ್ಯಾಶ್‌ಬೋರ್ಡಿನ ಹಿಂದೆ ಇನ್ನೊಂದು ಕೋಣೆ ಕಟ್ಟುತ್ತಿತ್ತು. ಪ್ರತಿ ಸಲವೂ ಒಂದು ಕಡಲೆಕಾಳಿನಷ್ಟು ಹಸಿಮಣ್ಣು ತಂದು ಕೋಣೆಯ ಬಾಯಂಚಿಗೆ ಅರ್ಧ ಬಳೆಯ ಹಾಗೆ ಹಚ್ಚುವುದು, ಹಚ್ಚುವಾಗ ಝೇಂಕರಿಸುವುದು. ಎಡಕ್ಕೊಂದು ಬಳೆ, ಮುಂದಿನ ಸಲ ಬಲಕ್ಕೊಂದು. ಒಣಗಿದ ಗೋಡೆಯ ಮೇಲೆ ಅವು ಜಡೆ ಹೆಣೆದ ಗುರುತಿನಂತೆ ಉಳಿಯುತ್ತವೆ. ಕೊಳವೆಯೊಳಗಿನ ಕೋಣೆಗಳಲ್ಲಿ ಒಂದನ್ನು ಬಿಡಿಸಿದೆ. ಹದಿನಾಲ್ಕು ಜೇಡ. ತಿಳಿಹಸಿರು ಹೊಟ್ಟೆಯವು ಐದು, ಹಳದಿ ಪಟ್ಟೆಯವು ಮೂರು, ಉಳಿದವು ಕಂದು. ಸತ್ತಿರಲಿಲ್ಲ. ಒಂದು ಜೇಡದ ಹಿಂಗಾಲು ತುಂಬ ನಿಧಾನ ಮಡಿಸಿಕೊಂಡು ಬಿಚ್ಚಿತು. ಕುಟುಕಿ ಕೈಕಾಲು ಆಡದಂತೆ ಮಾಡಿ, ಮರಿಗೆ ಬುತ್ತಿಯಾಗಿ ಇಟ್ಟದ್ದು. ಒಂದರ ಹೊಟ್ಟೆಯ ಮೇಲೆ ಬಿಳಿಯ, ಬಾಗಿದ ಮೊಟ್ಟೆ ಅಂಟಿತ್ತು. ಕೊಳವೆ ಬೇಕೇ ಬೇಕಿತ್ತು. ಕೋಣೆಗಳನ್ನು ಇಡಿಯಾಗಿ ಬಿಡಿಸಲು ಆದಷ್ಟು ಪ್ರಯತ್ನಪಟ್ಟೆ, ಎರಡು ಒಡೆದವು. ಉಳಿದವನ್ನು ಶೆಡ್ಡಿನ ತೊಲೆಯ ಮೇಲೆ ಇಟ್ಟೆ. ಒಡೆದ ಎರಡರ ನೆನಪು ಇನ್ನೂ ಇದೆ.

ಮಾರ್ಚಿನಲ್ಲಿ ಹೂಮಳೆ ಬಿತ್ತು. ಎಂಟು ಹತ್ತು ದಿನಕ್ಕೆ ತೋಟವಿಡೀ ಬೆಳ್ಳಗಾಯಿತು. ಸಾಹೇಬ್ರು ಆಗ ಮುಂದಿನ ದೀಪಗಳನ್ನು ಬಿಚ್ಚಿ ಇಟ್ಟಿದ್ದರು. ಏಳಿಂಚಿನ ಎರಡು ಗುಂಡು ತೂತು, ಅದರ ಹಿಂದೆ ಆಳವಾದ ತಗಡಿನ ಬಟ್ಟಲು. ಕಣ್ಣು ತೆಗೆದ ಮುಖದ ಹಾಗೆ ಗಾಡಿ ಬಾಗಿಲ ಕಡೆಗೆ ನೋಡುತ್ತ ನಿಂತಿತ್ತು. ಇಪ್ಪತ್ತಾರನೇ ತಾರೀಕು ಬೆಳಿಗ್ಗೆ ಎಡಗಡೆಯ ಬಟ್ಟಲಿನಿಂದ ಒಂದು ಬೂದು ಹಕ್ಕಿ ಹಾರಿ ಹೊರಗೆ ಹೋಯಿತು. ಮಡಿವಾಳದ ಹೆಣ್ಣು.

ನಾನು ಗೋಣಿಚೀಲಗಳ ಹಿಂದೆ ಜಾಗ ಮಾಡಿಕೊಂಡೆ. ಹದಿನೇಳು ನಿಮಿಷಕ್ಕೆ ಅದು ಬಂತು. ನೇರ ಒಳಗೆ ಹೋಗಲಿಲ್ಲ. ಮೊದಲು ಶೆಡ್ಡಿನ ಬಾಗಿಲ ಮೇಲೆ ಕೂತು ಬಾಲ ಎತ್ತಿತು, ಬೆನ್ನಿಗೆ ತಾಗುವಷ್ಟು, ಆಮೇಲೆ ಬೀಸಣಿಗೆ ಮಡಿಸಿದ ಹಾಗೆ ಇಳಿಸಿತು. ಕೊಕ್ಕಿನಲ್ಲಿ ಕಪ್ಪು ಬೇರಿನ ಎಳೆಗಳು, ಮೀಸೆಯ ಹಾಗೆ ಎರಡೂ ಕಡೆ ಇಳಿಬಿದ್ದಿದ್ದವು. ಅಲ್ಲಿಂದ ವೈಪರಿನ ಕಡ್ಡಿಗೆ, ಅಲ್ಲಿಂದ ಬಂಪರಿಗೆ, ಬಂಪರಿನಿಂದ ಬಟ್ಟಲಿಗೆ. ಒಳಗೆ ಮೈ ತಿರುಗಿಸುವ ಸದ್ದು, ತಗಡಿಗೆ ಗರಿ ಉಜ್ಜುವ ಸಣ್ಣ ಸರಸರ. ಪ್ರತಿ ಸಲವೂ ಅದೇ ನಾಲ್ಕು ಮೆಟ್ಟಿಲು, ಒಂದನ್ನೂ ತಪ್ಪಿಸಲಿಲ್ಲ. ಗಂಡು ಗೂಡಿನ ಕೆಲಸಕ್ಕೆ ಬರಲಿಲ್ಲ. ಅದು ಸಿಲ್ವರ್ ಓಕಿನ ತುದಿಯಲ್ಲಿತ್ತು. ಬೆಳಿಗ್ಗೆ ಐದೂಕಾಲಿಗೆ, ಇನ್ನೂ ಕೈರೇಖೆ ಕಾಣದ ಹೊತ್ತಿಗೆ, ಹಾಡು ಶುರು. ಬೆಳಕು ಬಂದ ಮೇಲೆ ಅದರ ಕಪ್ಪು ಕಪ್ಪಲ್ಲ, ನೇರಳೆ ಹಣ್ಣಿನ ಮೇಲಿನ ನೀಲಿ ಹೊಳಪು. ರೆಕ್ಕೆಯ ಮೇಲಿನ ಪಟ್ಟಿ ಮಾತ್ರ ಒಗೆದು ನೀಲಿ ಹಾಕಿದ ಬಟ್ಟೆಯಷ್ಟು ಬಿಳಿ.

ಏಪ್ರಿಲ್ ಎರಡಕ್ಕೆ ಹೆಣ್ಣು ಹೊರಗಿದ್ದಾಗ ಚಿಕ್ಕ ಕನ್ನಡಿ ಹಿಡಿದು ನೋಡಿದೆ. ನಾಲ್ಕು ಮೊಟ್ಟೆ. ತಿಳಿ ನೀಲಿಹಸಿರು, ದಪ್ಪ ತುದಿಯಲ್ಲಿ ಒತ್ತಾಗಿ ಕಂದು ಚುಕ್ಕೆ. ಬೇರಿನ ಎಳೆಗಳ ನಡುವೆ ಹಳದಿ ಬಣ್ಣದ ಒಂದು ವೈರಿನ ತುಣುಕೂ ಇತ್ತು. ದೀಪಕ್ಕೆ ಹೋಗುವ ಹಳೆಯ ವೈರಿನ ಸಿಪ್ಪೆಯದು.

ಸಾಹೇಬ್ರಿಗೆ ಆ ವಾರ ಕ್ಯಾಬಿನ್ನಿನ ತಳಕ್ಕೆ ಗ್ಯಾಸ್ ವೆಲ್ಡಿಂಗ್ ಮಾಡುವುದಿತ್ತು. ಸಿಲಿಂಡರು ಆಟೋದಲ್ಲಿ ಬಂದೂ ಆಗಿತ್ತು. ಅವರಿಗೆ ಹೇಗೆ ಹೇಳುವುದೆಂದು ನಾನು ಮಾತು ಹುಡುಕುತ್ತಿದ್ದೆ. ಅವರು ಕನ್ನಡಿಯಲ್ಲಿ ಒಮ್ಮೆ ನೋಡಿ, ಕೈಯನ್ನು ಹಳೆ ಬನಿಯನ್ನಿಗೆ ಒರೆಸಿಕೊಂಡು, "ಮರಿ ಹಾರ್ಲಿ ಬಿಡಿ ಸಾರ್, ತಗಡೇನು ಹಾರ್ಕೊಂಡ್ ಹೋಗಲ್ಲ" ಎಂದರು. ಸಿಲಿಂಡರು ವಾಪಸ್ಸು ಹೋಯಿತು.

ಹಾಗಾಗಿ ಆ ನಾಲ್ಕು ವಾರ ನಾವು ಗಾಡಿಯಿಂದ ಬಿಚ್ಚಿದ ಭಾಗಗಳನ್ನು ಹೊರಗಿನ ಹಲಸಿನ ಮರದಡಿ ಕೂತು ತೊಳೆದೆವು. ಫೋರ್‌ವೀಲ್ ಎಂದರೇನು ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಅಲ್ಲಿ. ಗೇರ್‌ಬಾಕ್ಸಿನ ಬೆನ್ನಿಗೆ ಅಂಟಿಕೊಂಡು ಕೂರುವ ಎರಕದ ಕಬ್ಬಿಣದ ಗಡಿಗೆಯಂಥದ್ದು ಟ್ರಾನ್ಸ್‌ಫರ್ ಕೇಸು. ಇಂಜಿನ್ನಿನ ಶಕ್ತಿ ಇಲ್ಲಿಗೆ ಬಂದು, ಒಂದು ಶಾಫ್ಟು ಹಿಂದಕ್ಕೆ, ಇನ್ನೊಂದು ಮುಂದಕ್ಕೆ ಹೋಗುತ್ತದೆ. ಮುಚ್ಚಳ ತೆಗೆದಾಗ ಒಳಗಿನ ಎಣ್ಣೆ ಕಾಕಂಬಿಯಂತೆ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ಮೂರು ಸಲ ತೊಳೆದ ಮೇಲೆ ಹಲ್ಲುಗಳು ಬೆಳಕಿಗೆ ಬಂದವು. ಒಂದೊಂದು ಹಲ್ಲಿನ ಮೇಲೂ ಇನ್ನೊಂದು ಹಲ್ಲು ಉಜ್ಜಿದ ಜಾಗ, ಬೆಳ್ಳಿಯ ಹೊಳಪಿನ ಸಣ್ಣ ಎಲೆಯಾಕಾರ. ಇಲ್ಲಿ ಮಾತ್ರ ಒಂದು ಚೂರೂ ತುಕ್ಕಿರಲಿಲ್ಲ. ಸಾಹೇಬ್ರು ಸನ್ನೆಯನ್ನು ಹೈಗೆ ಹಾಕಿದರು. ಒಳಬರುವ ಶಾಫ್ಟನ್ನು ನಾನು ಕೈಯಿಂದ ಒಂದು ಸುತ್ತು ತಿರುಗಿಸಿದೆ, ಹೊರಹೋಗುವುದೂ ಒಂದು ಸುತ್ತು ತಿರುಗಿತು. ಲೋ ಹಾಕಿದರು. ಈಗ ಎರಡೂವರೆ ಸುತ್ತಿನಷ್ಟು ತಿರುಗಿಸಿದರೆ ಆಚೆಗೆ ಒಂದು ಸುತ್ತು. ಬಟ್ಟೆ ಹಿಡಿದು ಆಚೆಯ ತುದಿಯನ್ನು ಬಿಗಿಯಾಗಿ ತಡೆಯಲು ನೋಡಿದೆ, ಈಚೆ ಅವರು ಎರಡೇ ಬೆರಳಿನಿಂದ ತಿರುಗಿಸಿದರು. ನನ್ನ ಮುಷ್ಟಿ ತಿರುಗಿಹೋಯಿತು.

ಮುಂದಿನ ಗಾಲಿಗಳದು ಇನ್ನೂ ಸೂಕ್ಷ್ಮ. ಅವು ಎಳೆಯಲೂ ಬೇಕು, ತಿರುಗಲೂ ಬೇಕು. ಆಕ್ಸಲ್ಲಿನ ತುದಿಯಲ್ಲಿ ತೆಂಗಿನಕಾಯಿ ಗಾತ್ರದ ಕಬ್ಬಿಣದ ಗುಂಡಿದೆ, ಒಳಗೆ ಟೊಳ್ಳು. ಅದರೊಳಗೆ ಶಾಫ್ಟು ಮೊಣಕೈಯ ಹಾಗೆ ಮಡಿಸಿಕೊಳ್ಳುತ್ತದೆ. ಆ ಮೊಣಕೈಯಲ್ಲಿರುವ ಕ್ರಾಸಿನ ನಾಲ್ಕು ತುದಿಗೂ ಬಟ್ಟಲು, ಬಟ್ಟಲಿನ ಸುತ್ತ ಸೂಜಿಯಷ್ಟು ಸಣ್ಣ ಉಕ್ಕಿನ ಕಡ್ಡಿಗಳು. ಗುಂಡಿನ ಹೊರಮೈಯನ್ನು ಒಂದು ಉಣ್ಣೆಯ ಪಟ್ಟಿ ಯಾವಾಗಲೂ ಒರೆಸುತ್ತಿರುತ್ತದೆ, ಕೆಸರು ಒಳಗೆ ಹೋಗದಂತೆ. ಎಡಗುಂಡಿನ ಮೇಲೆ ಪಟ್ಟಿ ಒರೆಸುತ್ತಿದ್ದ ಭಾಗ ಕನ್ನಡಿಯಷ್ಟು ನುಣುಪಾಗಿತ್ತು. ಗಾಡಿ ಕೊನೆಗೆ ನಿಂತಾಗ ಹೊರಗೆ ಉಳಿದ ಅರ್ಧ ಮಾತ್ರ ಸಿಡುಬಿನ ಕಲೆ. ಎರಡರ ನಡುವಿನ ಗೆರೆ ಎಷ್ಟು ನಿಖರವೆಂದರೆ ಆ ದಿನ ಮಾವ ಸ್ಟೇರಿಂಗನ್ನು ಎಷ್ಟು ಎಡಕ್ಕೆ ತಿರುಗಿಸಿ ಇಳಿದುಹೋಗಿದ್ದರು ಎಂಬುದನ್ನು ಅದರಿಂದ ಹೇಳಬಹುದಿತ್ತು. ಸಾಹೇಬ್ರು ಹೇಳಿದರು ಕೂಡ, "ಗೋಡೆ ಕಡೆಗೆ ಒಂಚೂರು ತಿರುಗ್ಸಿ ನಿಲ್ಸಿದಾರೆ. ಇಳಿಜಾರು ನೋಡಿ, ಅದಕ್ಕೆ." ಅತ್ತೆ ಆ ಗುಂಡನ್ನು ಸೆರಗಿನ ತುದಿಯಿಂದ ಒಂದು ಸಲ ಒರೆಸಿ ಕೆಳಗಿಟ್ಟರು.

ಮೊಟ್ಟೆ ಒಡೆದದ್ದು ಏಪ್ರಿಲ್ ಹದಿಮೂರು, ಹದಿನಾಲ್ಕರ ನಡುವೆ. ಈಗ ಗಂಡೂ ಬರತೊಡಗಿತು. ಅದು ಹೆಣ್ಣಿನ ಮೆಟ್ಟಿಲು ಹಿಡಿಯಲಿಲ್ಲ, ಬಾಗಿಲಿನಿಂದ ನೇರ ಬಟ್ಟಲಿಗೆ ಇಳಿಯುತ್ತಿತ್ತು. ಎರೆಹುಳು, ಮಿಡತೆ, ಹಸಿರು ಕಂಬಳಿಹುಳು. ಬೆಳಗಿನ ಮೊದಲ ಗಂಟೆಯಲ್ಲಿ ಎರಡೂ ಸೇರಿ ಇಪ್ಪತ್ತೆರಡು ಸಲ ಬಂದವು. ಹಿಂತಿರುಗುವಾಗ ಮರಿಯ ಹಿಕ್ಕೆಯನ್ನು ಬಿಳಿ ಗುಳಿಗೆಯ ಹಾಗೆ ಕೊಕ್ಕಿನಲ್ಲಿ ಕಚ್ಚಿ ಒಯ್ದು, ಹಳ್ಳದಾಚೆ ಬಿಟ್ಟು ಬರುತ್ತಿದ್ದವು. ಸೀಮೆಎಣ್ಣೆಯ ವಾಸನೆ, ಪಾನ ನೆಲಕ್ಕೆ ಬೀಳುವ ಸದ್ದು, ಸಾಹೇಬ್ರ ಕೆಮ್ಮು ಯಾವುದಕ್ಕೂ ಅವು ಹೆದರಲಿಲ್ಲ. ಕೆಂಬೂತ ಕಾಫಿಗಿಡಗಳ ನಡುವೆ ಕೂಗಿದರೆ ಮಾತ್ರ ಹೆಣ್ಣು ಕರ್ಕಶವಾಗಿ ಚರ್ರೆಂದು ಬಂಪರಿನ ಮೇಲೆ ಇಳಿದು, ಕೂಗು ದೂರವಾಗುವವರೆಗೆ ಅಲ್ಲೇ ಬಾಲ ಎತ್ತಿ ನಿಲ್ಲುತ್ತಿತ್ತು.

ಇಪ್ಪತ್ತೆಂಟಕ್ಕೆ ಮೊದಲ ಮರಿ ಬಟ್ಟಲಿನ ಅಂಚಿಗೆ ಬಂತು. ಕಂದು ಚುಕ್ಕೆಯ ಎದೆ, ಬಾಲ ಇನ್ನೂ ಮೋಟು. ಅಂಚಿನ ಮೇಲೆ ನಲವತ್ತು ನಿಮಿಷ ಕೂತಿತು. ಎರಡು ಸಲ ಮುಂದೆ ಬಾಗಿ ಹಿಂದೆ ಸರಿಯಿತು. ಮೂರನೆಯ ಸಲ ಹಾರಲಿಲ್ಲ, ಬಿತ್ತು. ಬೀಳುತ್ತ ಅರ್ಧದಲ್ಲಿ ರೆಕ್ಕೆ ಸಿಕ್ಕಿತು, ಬಿಚ್ಚಿಟ್ಟ ಟೈರಿನ ಮೇಲೆ ಕೂತಿತು. ಮಧ್ಯಾಹ್ನಕ್ಕೆ ನಾಲ್ಕೂ ಹೊರಗಿದ್ದವು. ಸಾಹೇಬ್ರಿಗೆ ಫೋನು ಮಾಡಿದೆ.

ಮೇ ತಿಂಗಳು ವೆಲ್ಡಿಂಗು, ಬ್ರೇಕು, ವೈರಿಂಗು ಎಂದು ಬೇಗ ಕಳೆಯಿತು. ಬಣ್ಣದ ಕೆಲಸ ಮಾತ್ರ ನಾನು ಬಿಡದೆ ನೋಡಿದೆ. ನೀರು ಹಾಕಿ ಕಾಗದದಿಂದ ಉಜ್ಜುತ್ತ ಹೋದಂತೆ ಬಾಗಿಲಿನ ಮೇಲೆ ಉಂಗುರಗಳು ಮೂಡಿದವು. ಹೊರಗೆ ಮಾವ ಕೊನೆಗೆ ಬಳಿಸಿದ ಬೂದಿ ಬಣ್ಣ, ಅದರೊಳಗೆ ತೆಳುವಾದ ನೀಲಿ, ಅದರೊಳಗೆ ಹಳದಿ ಪಟ್ಟಿ, ನಡುವೆ ಬಾಳೆಯ ಸುಳಿ ಎಲೆಯ ಹಸಿರು, ಎಲ್ಲಕ್ಕೂ ಒಳಗೆ ಕಾವಿಯ ಬಣ್ಣದ ಪ್ರೈಮರು. ಕಡಿದ ಮರದ ಬುಡದಲ್ಲಿ ವರ್ಷಗಳನ್ನು ಎಣಿಸುವ ಹಾಗೆ ಬೆರಳಿಟ್ಟು ಎಣಿಸಬಹುದಿತ್ತು. ಅತ್ತೆ ಹಸಿರನ್ನು ಕಂಡದ್ದೇ, "ನಾನು ಮದುವೆ ಆಗಿ ಬಂದಾಗ ಇದೇ ಬಣ್ಣ ಇತ್ತು ಕಣೋ" ಎಂದರು. ಹಸಿರೇ ಆಯಿತು. ಪೇಂಟರು ಆಕಾಶ ನೋಡಿ ನೋಡಿ ದಿನ ಆರಿಸಿದರು. ಗಾಳಿಯಲ್ಲಿ ನೀರಿನಂಶ ಇದ್ದ ದಿನ ಹೊಡೆದರೆ ಬಣ್ಣದ ಮೇಲೆ ಹಾಲಿನ ಕೆನೆಯಂಥ ಮಂಕು ಕೂರುತ್ತದಂತೆ. ಹಿಂಬದಿಯ ಹಲಗೆಬಾಗಿಲಿನ ಕಲ್ಲುಹೂವನ್ನು ಉಜ್ಜುವುದು ಬೇಡವೆಂದೆ. ಮರ ಗಟ್ಟಿ ಇತ್ತು. ಅದು ಹಾಗೇ ಇದೆ.

ಜೂನ್ ಮೊದಲ ವಾರ ಬಾಗಿಲಿಗೆ ಹೊಸ ಕನ್ನಡಿ ಕೂರಿಸಿದ ಮಾರನೆಯ ದಿನವೇ ಗಂಡು ಮಡಿವಾಳ ಅದರೊಳಗಿನ ತನ್ನ ಪಡಿನೆರಳಿನ ಜೊತೆ ಕಾದಾಟಕ್ಕೆ ಇಳಿಯಿತು. ಎದೆಯುಬ್ಬಿಸಿ, ಕೊಕ್ಕು ಮೇಲೆತ್ತಿ, ಗಾಜಿಗೆ ಕಾಲು ಕೊಟ್ಟು ಜಾರುತ್ತಿತ್ತು. ಅರ್ಧ ಗಂಟೆಯಾದರೂ ನಿಲ್ಲಿಸಲಿಲ್ಲ. ಅತ್ತೆ ಹಳೆಯ ರವಿಕೆಯೊಂದನ್ನು ತಂದು ಕನ್ನಡಿಗೆ ಕಟ್ಟಿದರು. ಹಕ್ಕಿ ಬಟ್ಟೆಯ ಮೇಲೆ ಕೂತು ಸುತ್ತ ನೋಡಿ ಹಾರಿಹೋಯಿತು.

ಇಂಜಿನ್ನು ಹೊತ್ತಿಕೊಂಡದ್ದು ಮೃಗಶಿರ ಮಳೆ ಹಿಡಿದ ಮೇಲೆ. ಮೊದಲು ಒಂದೇ ಸಿಲಿಂಡರು ಸೀನಿತು. ಆಮೇಲೆ ಮೂರು ಓಡಿದವು, ಒಂದು ತಪ್ಪುತ್ತಿತ್ತು. ಸಾಹೇಬ್ರು ಇಂಜಿನ್ನಿನ ಪಕ್ಕ ಕೂತು, ಕಣ್ಣು ಮುಚ್ಚಿ, ತುಟಿಯೊಳಗೆ ಒಂದು-ಮೂರು-ನಾಲ್ಕು-ಎರಡು ಎಂದು ಅದು ಉರಿಯುವ ಸರದಿಯನ್ನು ಹೇಳಿಕೊಳ್ಳುತ್ತಿದ್ದರು. ಮೂರರ ಪ್ಲಗ್ಗಿನ ವೈರನ್ನು ಒತ್ತಿ ಕೂರಿಸಿದರು. ಸದ್ದು ಒಮ್ಮೆಲೆ ದುಂಡಗಾಯಿತು. ಎಕ್ಸಾಸ್ಟಿನಿಂದ ನೀಲಿ ಹೊಗೆ ಬಂದು, ಬಿಳಿಯಾಗಿ, ಕಾಣದಾಯಿತು. ಹಲ್ಲಿ ಡ್ಯಾಶ್‌ಬೋರ್ಡಿನ ಹಿಂದಿನಿಂದ ಇಳಿದು, ಗಾಜಿನ ಮೂಲೆಯಲ್ಲಿ ತಲೆ ಕೆಳಗಾಗಿ ನಿಂತು, ಗಂಟಲು ಬಡಿದುಕೊಳ್ಳುತ್ತ ಕೇಳುತ್ತಿತ್ತು.

ಕಣದಿಂದ ಹಳ್ಳಕ್ಕೆ ಇಳಿಯುವ ದಾರಿಯನ್ನು ಅವರೇ ಆರಿಸಿಕೊಂಡರು. ಇಳಿಯುವಾಗ ಹಿಂದಿನ ಗಾಲಿಗಳು ಮಾತ್ರ. ಹತ್ತುವಾಗ ಕೆಂಪು ಜೇಡಿಮಣ್ಣಿನಲ್ಲಿ ಅವು ನಿಂತಲ್ಲೇ ಸುತ್ತಿ, ಬೆಣ್ಣೆ ಕಡೆದ ಹಾಗೆ ಮಣ್ಣನ್ನು ಅಂಚಿಗೆ ಒತ್ತಿದವು. ನಿಲ್ಲಿಸಿದರು. ಕ್ಲಚ್ಚು ಒತ್ತಿ ಫೋರ್‌ವೀಲ್ ಸನ್ನೆ, ಆಮೇಲೆ ಲೋ. ನಾನು ಕೆಳಗಿಳಿದು ಮುಂದಿನ ಎಡಗಾಲಿಯ ಪಕ್ಕ ಕೂತೆ. ಗಾಲಿ ತಿರುಗಿದ್ದು ಗೊತ್ತಾಗದಷ್ಟು ನಿಧಾನ. ಟೈರಿನ ಒಂದು ಗುಬ್ಬಿ ಮಣ್ಣಿಗೆ ಊರಿತು, ಮಣ್ಣು ತುಸು ತಗ್ಗಿತು, ನೀರು ಪಕ್ಕಕ್ಕೆ ಹಿಂಡಿ ಬಂತು, ಅದು ಎದ್ದಿತು, ಮುಂದಿನದು ಊರಿತು. ಗಾಡಿ ಎತ್ತಿನ ಹಾಗೆ ಕತ್ತು ತಗ್ಗಿಸಿ ಮೇಲೆ ಹೋಯಿತು. ಕನ್ನಡಿಗೆ ಕಟ್ಟಿದ ರವಿಕೆ ಇನ್ನೂ ಅಲ್ಲೇ ಇತ್ತು.

ನಾನು ಅಲ್ಲೇ ಉಳಿದೆ. ಮಳೆ ಬಿಟ್ಟಿತ್ತು, ಮೋಡ ಸರಿದು ಹತ್ತು ನಿಮಿಷದ ಬಿಸಿಲು ಬಿತ್ತು. ಗಾಲಿಯ ಗುರುತಿನಲ್ಲಿ ಒಂದೊಂದು ಗುಬ್ಬಿಯ ಅಚ್ಚಿನಲ್ಲೂ ಒಂದಿಷ್ಟು ಚಹಾಬಣ್ಣದ ನೀರು ನಿಂತಿತ್ತು. ಹಳದಿ ಕಾಲಿನ ಕುಂಬಾರ ಹುಳು ಬಂದು ಒಂದು ಅಚ್ಚಿನ ಅಂಚಿನಲ್ಲಿ ಇಳಿಯಿತು. ರೆಕ್ಕೆ ಮಿಡಿಯುತ್ತ, ಹೊಟ್ಟೆಯನ್ನು ಕೆಸರಿಗೆ ತಾಗದಂತೆ ನೆಟ್ಟಗೆ ಮೇಲಕ್ಕೆತ್ತಿ, ಝೇಂಕರಿಸುತ್ತ ಬಾಯಿಯಿಂದ ಮಣ್ಣು ಕೆರೆದು ಮುಂಗಾಲಿನಲ್ಲಿ ಉಂಡೆ ಕಟ್ಟಿತು. ಉಂಡೆ ಕಡಲೆಕಾಳಿನಷ್ಟಾದಾಗ ಎದ್ದು, ಕಾಫಿಗಿಡಗಳ ಮೇಲಿಂದ ಶೆಡ್ಡಿನ ಕಡೆಗೆ ಹೋಯಿತು. ನಾಲ್ಕು ನಿಮಿಷಕ್ಕೆ ಮತ್ತೆ ಬಂತು, ಅದೇ ಅಚ್ಚಿಗೆ.